ಎರಡೂ ತುದಿಗೆ ಸುರುಳಿ

ನನ್ನ ಮೇಜಿನ ಖಾನೆಯಲ್ಲಿ ಒಂದು ಉದ್ದನೆಯ ಪೊಟ್ಟಣವಿದೆ. ಒಂದು ಮಗ್ಗುಲು ಪಾರದರ್ಶಕ, ಇನ್ನೊಂದು ಮಗ್ಗುಲು ಬಿಳಿ ಕಾಗದ. ಬಳಸಬೇಕಾದ ತಾರೀಖು ದಾಟಿ, ಯಾರ ಮೈಗೂ ಸೇರಲಾರದೆ ಉಳಿದದ್ದನ್ನು ಪರಿಚಯದ ಡಾಕ್ಟರೊಬ್ಬರು "ನಿಮಗ ಇಂಥಾದ್ದರ ಹುಚ್ಚ ಐತೆಲ್ಲ, ಇಟಗೋರಿ" ಎಂದು ಕೊಟ್ಟರು. ಒಳಗಿರುವುದು ಮೂತ್ರನಾಳಕ್ಕೆ ಹಾಕುವ ಸ್ಟೆಂಟ್. ತಿಳಿನೀಲಿ ಬಣ್ಣ, 2 ಮಿ.ಮೀ. ದಪ್ಪ, 26 ಸೆಂ.ಮೀ. ಉದ್ದ. ಮೈಮೇಲೆ ಅಲ್ಲಲ್ಲಿ ಸೂಜಿಮೊನೆಗಿಂತ ತುಸು ದೊಡ್ಡ ತೂತುಗಳು, ಅಳತೆಗೆಂದು ಕಪ್ಪು ಗೆರೆಗಳು. ಎರಡೂ ತುದಿಗೆ ಒಂದೊಂದು ಸುರುಳಿ.

ಆ ಸುರುಳಿಯದೇ ಮೋಡಿ. ಬೆರಳಿನಲ್ಲಿ ಹಿಡಿದು ಎಳೆದರೆ ಸುಮ್ಮನೆ ನೇರವಾಗುತ್ತದೆ, ಪ್ರತಿಭಟನೆಯೇ ಇಲ್ಲ. ಬಿಟ್ಟರೆ ಅವಸರವಿಲ್ಲದೆ, ನಿದ್ದೆಯಿಂದೆದ್ದ ಬೆಕ್ಕು ಮತ್ತೆ ಮೈ ಮಡಿಸಿ ಮಲಗಿದ ಹಾಗೆ, ತನ್ನ ಸುತ್ತಿಗೆ ತಾನು ಮರಳುತ್ತದೆ. ಹಿತ್ತಲಿನ ಹೀರೆಬಳ್ಳಿ ಚಪ್ಪರದ ತಂತಿಗೆ ಬೀಸುವ ಕುಡಿ ಹೀಗೆಯೇ ಇರುತ್ತದೆ. ಎಷ್ಟು ಸಲ ಬಿಚ್ಚಿದರೂ ಬೇಸರವಿಲ್ಲ. ಪುಸ್ತಕ ಓದುತ್ತಾ ಎಡಗೈಯಲ್ಲಿ ಇದನ್ನು ಎಳೆಯುವುದು ಬಿಡುವುದು ನನಗೊಂದು ಚಟವೇ ಆಗಿದೆ.

ದವಾಖಾನೆಯವರು ಇದನ್ನು ಡೀಜೆ ಎನ್ನುತ್ತಾರೆ. ಎರಡು ತುದಿಯ ಕೊಕ್ಕೆಗಳು ಇಂಗ್ಲಿಷಿನ ಜೆ ಅಕ್ಷರದ ಹಾಗೆ ಇರುವುದರಿಂದ ಡಬಲ್ ಜೆ, ಬಾಯಿಮಾತಿನಲ್ಲಿ ಡೀಜೆ. ನಮ್ಮ ಶಿರಗುಪ್ಪಿಯಲ್ಲಿ ಡೀಜೆ ಎಂದರೆ ಗಣಪತಿ ಕಳಿಸುವ ದಿನ ಟ್ರೇಲರ್ ತುಂಬ ಪೆಟ್ಟಿಗೆ ಏರಿಸಿಕೊಂಡು ಕಿಡಕಿಯ ಗಾಜು ನಡುಗಿಸುತ್ತಾ ಹೋಗುವುದು. "ಚಿಗವ್ವಗ ಡೀಜೆ ಹಾಕ್ಯಾರ" ಎಂದು ನಾನು ಮಿರಜದಿಂದ ಫೋನು ಮಾಡಿದಾಗ ಕಾಕಾ ಒಂದು ಗಳಿಗೆ ಸುಮ್ಮನಿದ್ದು ಕೇಳಿದ್ದರು: "ದವಾಖಾನ್ಯಾಗ?"

ಸ್ಟೆಂಟಿನ ರುಚಿ ಹತ್ತಬೇಕಾದರೆ ಮೊದಲು ಅದು ಹೋಗಿ ಕೂಡುವ ಜಾಗದ ರುಚಿ ಹತ್ತಬೇಕು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ 25ರಿಂದ 30 ಸೆಂ.ಮೀ. ಉದ್ದ. ನಾವೆಲ್ಲ ಅದನ್ನು ಪೈಪು ಎಂದುಕೊಂಡಿರುತ್ತೇವೆ. ಕೃಷ್ಣೆಯ ದಂಡೆಯ ಜಾಕ್‌ವೆಲ್ಲಿನಿಂದ ಕಬ್ಬಿನ ಹೊಲದವರೆಗೆ ಪೈಪು ಹೂಳಿದ ಊರಿನವರಿಗೆ ನೀರು ಸಾಗುವುದೆಂದರೆ ಎರಡೇ ದಾರಿ: ಮೋಟರು ನೂಕಬೇಕು, ಇಲ್ಲ ಇಳಿಜಾರು ಇರಬೇಕು. ಮೂತ್ರನಾಳಕ್ಕೆ ಎರಡೂ ಬೇಡ. ಅದು ತಾನೇ ನಡೆಯುತ್ತದೆ. ಎರೆಹುಳು ಮುಂದೆ ಸರಿಯುವಾಗ ಮೈಯಲ್ಲಿ ಹಾಯುವ ತೆರೆಯಂಥದೊಂದು ತೆರೆ ಮೇಲಿನಿಂದ ಹುಟ್ಟಿ, ಒಂದು ಗುಟುಕು ನೀರನ್ನು ಮುಂದಿಟ್ಟುಕೊಂಡು ಕೆಳಗೆ ಬರುತ್ತದೆ. ನಿಮಿಷಕ್ಕೆ ಒಂದು ಸಲ, ಕೆಲವೊಮ್ಮೆ ನಾಲ್ಕೈದು ಸಲ. ಮಲಗಿದರೂ ಸರಿ, ತಲೆ ಕೆಳಗೆ ಮಾಡಿ ಶೀರ್ಷಾಸನ ಹಾಕಿದರೂ ಸರಿ. ಹೊಟ್ಟೆ ತೆರೆದ ಸರ್ಜನ್‌ಗೆ ಮುಂದೆ ಕಾಣುವುದು ರಕ್ತನಾಳವೋ ಮೂತ್ರನಾಳವೋ ಎಂಬ ಅನುಮಾನ ಬಂದರೆ ಚಿಮಟದಿಂದ ಮೆಲ್ಲಗೆ ಮುಟ್ಟಿ ನೋಡುತ್ತಾರಂತೆ. ಮೂತ್ರನಾಳವಾಗಿದ್ದರೆ ಕಚಗುಳಿ ಇಟ್ಟವರ ಹಾಗೆ ಮೈ ಹೊರಳಿಸುತ್ತದೆ. ಇಂಥ ಜೀವಿಗಳು ನನ್ನೊಳಗೆ ಎರಡು ಇವೆ, ಹುಟ್ಟುವ ಮೊದಲಿನಿಂದಲೇ ದುಡಿಯುತ್ತಿವೆ ಎಂದು ನಲವತ್ತು ದಾಟುವವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಹೆಂಗಸರ ಮೈಯಲ್ಲಿ ಈ ನಾಳ ಮೂತ್ರಕೋಶ ಸೇರುವ ಮುನ್ನ ಗರ್ಭಚೀಲದ ಬಾಯಿಯ ಪಕ್ಕದಲ್ಲೇ ಹಾಯುತ್ತದೆ. ನಡುವಿನ ಅಂತರ ಸುಮಾರು 2 ಸೆಂ.ಮೀ. ಮಾತ್ರ. ಗರ್ಭಕೊರಳ ಕ್ಯಾನ್ಸರ್ ಮಗ್ಗುಲಿಗೆ ಹಬ್ಬಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಇದೇ. ಹೀಗೆ ನಾಳ ಬಿಗಿದು ಮೂತ್ರಪಿಂಡ ಊದಿಕೊಂಡಿದ್ದರೆ ಆ ಒಂದೇ ಕಾರಣಕ್ಕೆ ರೋಗವನ್ನು ಮೂರನೆಯ ಹಂತಕ್ಕೆ ಸೇರಿಸುತ್ತಾರೆ. ಅಂಡಾಶಯ, ದೊಡ್ಡ ಕರುಳು, ಪ್ರಾಸ್ಟೇಟ್, ಬೆನ್ನೆಲುಬಿನ ಮುಂದಿನ ಗ್ರಂಥಿಗಳು, ಎಲ್ಲಿ ಗಂಟು ಬೆಳೆದರೂ ದಾರಿಯಲ್ಲಿ ಈ ನಾಳ ಸಿಗುತ್ತದೆ. ಮೂತ್ರದ ಹರಳಿನ ಹಾಗೆ ಒಳಗೆ ಅಡ್ಡ ಕೂಡುವುದಲ್ಲ ಇದು. ಕಬ್ಬು ತುಂಬಿದ ಟ್ರ್ಯಾಕ್ಟರು ಬಂದು ಡ್ರಿಪ್ಪಿನ ಪೈಪಿನ ಮೇಲೆ ಗಾಲಿ ಇಟ್ಟು ನಿಂತಂತೆ. ಪೈಪಿನೊಳಗೆ ಕಸವಿಲ್ಲ, ತೂತಿಲ್ಲ, ಆದರೆ ಆಚೆಯ ಸಾಲು ಒಣಗುತ್ತದೆ.

ಹರಳು ಕೂಗಿಸುತ್ತದೆ. ಇದು ಕೂಗಿಸುವುದಿಲ್ಲ. ಚಿಗವ್ವ ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಕಂಡ ಕೆಂಪನ್ನು ಎಂಟು ತಿಂಗಳು ಸೆರಗಿನ ಮರೆಗೆ ಇಟ್ಟುಕೊಂಡಿದ್ದಳು. ಆಮೇಲೆ ರೊಟ್ಟಿ ಸೇರದಾಯಿತು. ಬಾಯಿಗೆ ತಾಮ್ರದ ರುಚಿ. ಬಿಕ್ಕಳಿಕೆ. ಕಾಲು ಬಾತು ಚಪ್ಪಲಿ ಹಿಡಿಸದಾಯಿತು. "ಏಕಿ ಕಡಿಮಿ ಆಗೇತಿ, ನೀರ ಕುಡಿಯೂದ ಕಡಿಮಿ ಆಗಿರಬೇಕ ಬಿಡು" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 6.8. ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು. ಕಿರಣ ಚಿಕಿತ್ಸೆಯ ಜೊತೆ ಕೊಡುವ ಸಿಸ್‌ಪ್ಲಾಟಿನ್ ಮದ್ದು ಮೂತ್ರಪಿಂಡಕ್ಕೇ ಪೆಟ್ಟು ಕೊಡುವಂಥದು. ಈ ಲೆಕ್ಕದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಮೊದಲು ನೀರಿನ ದಾರಿ ಬಿಡಿಸಬೇಕು, ಕ್ಯಾನ್ಸರಿನ ಮಾತು ಆಮೇಲೆ.

ನಮ್ಮ ಕಡೆಯವರಿಗೆ ಬೇನೆ ದೊಡ್ಡದಾದರೆ ಮಿರಜ. ಬೆಳಗಾವಿ ನಮ್ಮ ಜಿಲ್ಲೆ, ಆದರೆ ಮಿರಜ ನಮ್ಮ ಬಾಗಿಲು. ಕಾಗವಾಡ ದಾಟಿದರೆ ಮಹಾರಾಷ್ಟ್ರ, ಮ್ಹೈಸಾಳ ದಾಟಿದರೆ ಊರು ಬಂದೇ ಬಿಟ್ಟಿತು. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್‌ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಅದು ದವಾಖಾನೆಗಳ ಊರು. ನರ್ಸುಗಳು ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಾರೆ, ಕೆಲವು ಸಲ ಇದರ ತಿರುಗಾ ಮುರುಗಾ.

ಮಿರಜಕ್ಕೆ ಇನ್ನೊಂದು ಹೆಸರಿದೆಯಲ್ಲ, ತಂಬೂರಿಯ ಹೆಸರು. ಚಿಗವ್ವನನ್ನು ಒಳಗೆ ಕರೆದುಕೊಳ್ಳುವ ಹಿಂದಿನ ಸಂಜೆ ವಾರ್ಡಿನಲ್ಲಿ ಕೂಡಲಾರದೆ ನಾನು ತಂಬೂರಿ ಮಾಡುವವರ ಓಣಿಗೆ ಹೋಗಿದ್ದೆ. ಗಾಯಕ ಅಬ್ದುಲ್ ಕರೀಂ ಖಾನರು ಬದುಕಿದ ಊರು ಅದು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಭೀಮಸೇನ ಜೋಶಿಯವರು ಎಂದು ಎಣಿಸುತ್ತಾ ಹೋದರೆ ಧಾರವಾಡದ ಸೀಮೆಯ ಗಾಯನದ ಒಂದು ಬೇರು ಈ ಓಣಿಗಳಲ್ಲಿ ಸಿಗುತ್ತದೆ. ಅಂಗಡಿಯ ಹಿರಿಯರು ಆಗಷ್ಟೇ ಮುಗಿದ ತಂಬೂರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ತಂತಿ ಮೀಟಿದರು. ಧ್ವನಿ ಕಟ್ಟಿದಂತಿತ್ತು, ಮುಚ್ಚಿದ ಬಾಯಿಯಿಂದ ಬಂದಂತೆ. ಆಮೇಲೆ ಒಂದು ಗೇಣಿಗಿಂತ ಕಡಿಮೆ ಉದ್ದದ ನೂಲಿನ ಎಳೆಯನ್ನು ತಂತಿಗೂ ಕುದುರೆಗೂ ನಡುವೆ ತೂರಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸುತ್ತಾ ಹೋದರು. ಒಂದು ಜಾಗದಲ್ಲಿ ಸ್ವರ ಬಿಚ್ಚಿಕೊಂಡಿತು. ಅದೇ ತಂತಿ, ಅದೇ ಸೋರೆಬುರುಡೆ. ಓಣಿಯೆಲ್ಲ ಜೇನುಹುಟ್ಟಿನಂತೆ ಝೇಂಕರಿಸಿತು. ಆ ನೂಲಿಗೆ ನಮ್ಮಲ್ಲಿ ಜೀವಾಳಿ ಎನ್ನುತ್ತಾರೆ. ಜೀವಾಳ ಎಂಬ ಮಾತನ್ನು ನಾವು ಎಷ್ಟು ಅಗ್ಗವಾಗಿ ಬಳಸಿ ಸವೆಸಿದ್ದೇವೆಂದು ನನಗೆ ಅಂದು ನಾಚಿಕೆಯಾಯಿತು.

ಮರುದಿನದ ಕೆಲಸವನ್ನು ನಾನು ಕಣ್ಣಾರೆ ನೋಡಿಲ್ಲ. ಡಾಕ್ಟರು ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ನಾನು ಕೇಳಿದ್ದಕ್ಕಲ್ಲ, ಅವರಿಗೂ ತೋರಿಸುವ ಹುಕಿ ಇತ್ತು ಎನಿಸುತ್ತದೆ. ಮೂತ್ರದ ಹೊರದಾರಿಯಿಂದಲೇ ದುರ್ಬೀನಿನ ಸಣ್ಣ ಕೊಳವೆ ಮೂತ್ರಕೋಶದೊಳಕ್ಕೆ ಹೋಗುತ್ತದೆ. ಎಲ್ಲೂ ಕೊಯ್ಯುವುದಿಲ್ಲ. ಇಂಥ ಕೊಳವೆಯ ತುದಿಗೇ ದೀಪ ಕಟ್ಟಿ ಒಳಗೆ ಬೆಳಕು ಒಯ್ದವನು ಜರ್ಮನಿಯ ಮ್ಯಾಕ್ಸ್ ನಿಟ್ಜೆ, 1879ರಲ್ಲಿ ವಿಯೆನ್ನಾದ ವೈದ್ಯರಿಗೆ ತೋರಿಸಿದ. ಒಳಗೆ ತಿಳಿಗುಲಾಬಿ ಗೋಡೆ, ಅದರ ಮೇಲೆ ಕೆಂಪು ರಕ್ತನಾಳಗಳ ಜಾಲ, ಕೆಳಗೆ ಎಡಕ್ಕೊಂದು ಬಲಕ್ಕೊಂದು ಅರೆಗಣ್ಣಿನಂಥ ಸೀಳು. ಅವೇ ಮೂತ್ರನಾಳದ ಬಾಯಿಗಳು. ಆರೋಗ್ಯವಂತರಲ್ಲಿ ಅವು ಆಗಾಗ ರೆಪ್ಪೆ ತೆರೆದು ಒಂದು ಚಿಲುಮೆ ಚಿಮ್ಮಿಸಿ ಮತ್ತೆ ಮುಚ್ಚುತ್ತವೆ. ಚಿಗವ್ವನ ಎರಡೂ ಕಣ್ಣು ಸುಮ್ಮನಿದ್ದವು.

ಮುಂದಿನದು ತಂತಿಯ ಕೆಲಸ. ತುದಿ ಮೆತ್ತಗಿರುವ, ಒದ್ದೆಯಾದರೆ ಎರೆಮಣ್ಣಿನಂತೆ ಜಾರುವ ತೆಳು ತಂತಿಯನ್ನು ಆ ಸೀಳಿನೊಳಗೆ ಬಿಟ್ಟು, ಎಕ್ಸ್‌ರೇ ಪರದೆಯ ಮೇಲೆ ನೋಡುತ್ತಾ ಏರಿಸಬೇಕು. ಬಿಗಿದ ಜಾಗ ಬಂದಾಗ ತಂತಿ ನಿಲ್ಲುತ್ತದೆ, ಬಾಗುತ್ತದೆ. ನೂಕಿದರೆ ನಾಳ ಹರಿಯುತ್ತದೆ. ಬೆರಳಿನಲ್ಲಿ ತಿರುವುತ್ತಾ, ಹಿಂದೆಳೆಯುತ್ತಾ, ದಾರಿ ಕೇಳುತ್ತಾ ಇರಬೇಕು. "ಕೈಯಾಗ ಗೊತ್ತಾಗತೈತ್ರಿ, ಪರದೆ ಮ್ಯಾಲ ಅಲ್ಲ" ಎಂದರು ಡಾಕ್ಟರು. ನನಗೆ ಹಿಂದಿನ ಸಂಜೆ ನೂಲು ಸರಿಸಿದ ಹೆಬ್ಬೆರಳು ತೋರುಬೆರಳು ನೆನಪಾದವು. ಚಿಗವ್ವನ ಬಲಗಡೆಯದು ಇಪ್ಪತ್ತು ನಿಮಿಷ ಸತಾಯಿಸಿ, ಬಿಟ್ಟುಕೊಡಲೇ ಇಲ್ಲ. ಎಡಗಡೆಯದು ಒಂದು ಗಳಿಗೆಯಲ್ಲಿ ಸರಕ್ಕನೆ ಬಿಟ್ಟಿತು. ಆ ತಂತಿಗೆ ಸ್ಟೆಂಟನ್ನು ಪೋಣಿಸಿ, ಹಿಂದಿನಿಂದ ಇನ್ನೊಂದು ಕೊಳವೆಯಿಂದ ನೂಕಿದರು. ತಂತಿಯ ಮೇಲೆ ಇರುವಷ್ಟು ಹೊತ್ತು ಅದು ನೇರವಾಗಿರುತ್ತದೆ, ಹಿರಿಯರ ಎದುರು ಕುಳಿತ ಹುಡುಗನಂತೆ. ತಂತಿಯನ್ನು ಹಿಂದಕ್ಕೆಳೆದರೆ ಮೇಲಿನ ತುದಿ ಮೂತ್ರಪಿಂಡದ ಬಟ್ಟಲಿನಲ್ಲಿ ಸುತ್ತಿಕೊಂಡಿತು, ಪೂರ್ತಿ ಎಳೆದಾಗ ಕೆಳಗಿನದು ಮೂತ್ರಕೋಶದಲ್ಲಿ. ಪರದೆಯ ಮೇಲೆ ಬೂದುಬಣ್ಣದ ಎಲುಬುಗಳ ನಡುವೆ ಕಪ್ಪು ಶಾಯಿಯಲ್ಲಿ ಯಾರೋ ಒಂದೇ ಎಳೆತಕ್ಕೆ ಬರೆದ ಅಕ್ಷರದ ಹಾಗಿತ್ತು. ಕೆಳಗಿನ ಸುರುಳಿಯ ತೂತುಗಳಿಂದ ಕದಡಿದ ನೀರು ಬುಗ್ಗೆಯಾಗಿ ಬಂತು. ಡಾಕ್ಟರು ಆ ಚಿತ್ರದ ಮೇಲೆ ಸ್ವಲ್ಪ ಹೊತ್ತು ನಿಂತರು, ನಾನೂ ನಿಂತೆ.

ಒಂದು ಹೊಲಿಗೆಯಿಲ್ಲ, ಅಂಟಿಲ್ಲ. ಸುರುಳಿಯಾಗುವ ಸ್ವಭಾವವೊಂದೇ ಅದನ್ನು ಜಾಗದಲ್ಲಿ ಹಿಡಿದಿಡುತ್ತದೆ. ಇಷ್ಟು ಸರಳವಾದದ್ದು ಹೊಳೆಯಲು ಎಷ್ಟು ಕಾಲ ಬೇಕಾಯಿತು ನೋಡಿ. 1967ರಲ್ಲಿ ಅಮೆರಿಕದ ಪಾಲ್ ಜಿಮ್‌ಸ್ಕೈಂಡ್ ಮತ್ತು ಸಂಗಡಿಗರು ಸಿಲಿಕೋನಿನ ನೇರ ಕೊಳವೆಯನ್ನು ದುರ್ಬೀನಿನ ಮೂಲಕ ಇಟ್ಟು, ಬಹುಕಾಲ ಒಳಗೇ ಬಿಡಬಹುದೆಂದು ತೋರಿಸಿದರು. ನೀರು ಹರಿಯಿತು, ಆದರೆ ಕೊಳವೆ ಜಾರಿಹೋಗುತ್ತಿತ್ತು. ಮೂತ್ರನಾಳ ಜೀವಂತ ನೋಡಿ, ತೆರೆಯ ಮೇಲೆ ತೆರೆ ಎಬ್ಬಿಸಿ ಅತಿಥಿಯನ್ನು ಹೊರಗೆ ಹಾಕುತ್ತದೆ. ಎಪ್ಪತ್ತರ ದಶಕದಲ್ಲಿ ರಾಬರ್ಟ್ ಗಿಬ್ಬನ್ಸ್ ಎಂಬವರು ಕೊಳವೆಗೆ ಮುಳ್ಳುಗಳನ್ನು ಮೂಡಿಸಿ, ಬುಡಕ್ಕೊಂದು ಅಂಚು ಕೊಟ್ಟರು. ಜಾರುವುದು ಕಡಿಮೆಯಾಯಿತು, ಆದರೆ ಮುಳ್ಳಿನಿಂದಾಗಿ ದಪ್ಪವಾಗಿ ತೂರಿಸುವುದೇ ಕಷ್ಟವಾಯಿತು. 1978ರಲ್ಲಿ ರಾಯ್ ಫಿನ್ನೆ ಎರಡೂ ತುದಿಯನ್ನು ಬಗ್ಗಿಸಿದರು. ಅಷ್ಟೇ. ಮುಳ್ಳು ಬೇಡ, ಅಂಚು ಬೇಡ. ಹೋಗುವಾಗ ಬಾಣ, ಹೋದ ಮೇಲೆ ಬಳ್ಳಿ. ನನಗೆ ಇದು ನಮ್ಮ ಹಳೆಯ ಕುಶಲಕರ್ಮಿಗಳ ಜಾಣ್ಮೆಯ ಪಂಕ್ತಿಗೆ ಸೇರಿದ್ದು ಎನಿಸುತ್ತದೆ, ವಸ್ತುವಿಗೆ ಏನನ್ನೂ ಸೇರಿಸದೆ ಅದರ ಗುಣವನ್ನೇ ದುಡಿಸಿಕೊಳ್ಳುವುದು.

ಹೆಸರಿನ ಕತೆಯೂ ಸೊಗಸು. ಚಾರ್ಲ್ಸ್ ಸ್ಟೆಂಟ್ ಲಂಡನ್ನಿನ ಹಲ್ಲಿನ ಡಾಕ್ಟರು, ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವನ್ನು 1856ರಲ್ಲಿ ಸುಧಾರಿಸಿದವರು. ಒಂದನೆಯ ಮಹಾಯುದ್ಧದಲ್ಲಿ ಯೋಹಾನಸ್ ಎಸ್ಸರ್ ಎಂಬ ಡಚ್ ಸರ್ಜನ್ ಚರ್ಮದ ಕಸಿಯನ್ನು ಹಿಡಿದಿಡಲು ಆ ಮೇಣ ಬಳಸಿದರು. ಅಲ್ಲಿಂದ ಆ ಹೆಸರು ಹೃದಯಕ್ಕೆ, ಮೂತ್ರನಾಳಕ್ಕೆ ಇಳಿಯಿತು. ಪಾಪ, ಅವರು ಜನ್ಮದಲ್ಲಿ ಹಲ್ಲು ಬಿಟ್ಟು ಕೆಳಗೆ ನೋಡಿದವರಲ್ಲ. ಕೊಳವೆಯ ದಪ್ಪ ಅಳೆಯುವ ಫ್ರೆಂಚ್ ಮಾಪಕ ಪ್ಯಾರಿಸ್ಸಿನ ಶಾರಿಯೇರ್ ಎಂಬ ಸಲಕರಣೆ ತಯಾರಕನದು, ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರು. ಚೂರಿ ಕತ್ತಿ ಮಾಡುವವರಲ್ಲಿ ಕೆಲಸ ಕಲಿತು ಬಂದವನು ಆತ. ಮಿರಜದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರು ತಂಬೂರಿ ಮಾಡಲು ಕೈಹಚ್ಚಿದ ಫರೀದ್‌ಸಾಹೇಬರ ಮನೆತನವೂ ಶಿಕಲಗಾರರದು, ಕತ್ತಿ ಸಾಣೆ ಹಿಡಿಯುವವರದು. ಎರಡೂ ಕಡೆ ಕಬ್ಬಿಣ ಹರಿತ ಮಾಡಿದ ಕೈಗಳೇ ಕೂದಲೆಳೆಯ ಲೆಕ್ಕ ಹಿಡಿದವು.

ಆ ರಾತ್ರಿಯ ಚೀಲದ ಬಗ್ಗೆ ಹೇಳಲೇಬೇಕು. ಒಂಬತ್ತು ರಸಗಳಲ್ಲಿ ಉಚ್ಚೆಗೆ ಶಾಸ್ತ್ರಕಾರರು ಬೀಭತ್ಸದ ಮನೆಯನ್ನಷ್ಟೇ ಕೊಟ್ಟಾರು. ಮಂಚದ ಪಕ್ಕಕ್ಕೆ ತೂಗುಹಾಕಿದ ಆ ಚೀಲವನ್ನು ನಾನು ರಾತ್ರಿಯಿಡೀ ನೋಡಿದ ಹಾಗೆ ಯಾವ ಚಿತ್ರಪಟವನ್ನೂ ನೋಡಿಲ್ಲ. ಮೊದಲು ಇಟ್ಟಿಗೆಯ ಬಣ್ಣ. ಆಮೇಲೆ ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಗೆ ಸುರಿದ ಹಸಿ ಕಬ್ಬಿನಹಾಲು ಕಾಯುತ್ತಾ ಬಂದಾಗಿನ ಬಣ್ಣ, ಆದರೆ ಗಾಣದಲ್ಲಿ ಆಗುವುದಕ್ಕೆ ತಿರುಗಾ, ಕಡುಬಣ್ಣದಿಂದ ತಿಳಿಗೆ. ನಸುಕಿನಲ್ಲಿ ನಿಂಬೆ ಹಿಂಡಿದ ನೀರಿನಷ್ಟು ತಿಳಿ. ತಿಂಗಳುಗಟ್ಟಲೆ ಕಟ್ಟಿದ್ದ ಮೂತ್ರಪಿಂಡ ಬಿಟ್ಟಾಗ ಹೀಗೆ ಧಾರಾಳವಾಗಿ ಸುರಿಯುತ್ತದಂತೆ. ಗಂಟೆಗೆ 200 ಮಿ.ಲೀ. ಮೀರಿದರೆ ಡಾಕ್ಟರುಗಳು ಎಚ್ಚರಾಗುತ್ತಾರೆ, ಉಪ್ಪು ನೀರು ಎರಡೂ ಮೈಯಿಂದ ಬಸಿದುಹೋಗದಂತೆ ಸಲೈನು ಹಚ್ಚುತ್ತಾರೆ. ಆಯಾ ಚೀಲ ಖಾಲಿ ಮಾಡಿ ಮಾಡಿ ಬೇಸತ್ತು, "ಯವ್ವಾ, ಹೊಳಿ ಬಂದಂಗ ಆತಲ್ಲ" ಎಂದಳು. ಪ್ರವಾಹದ ಊರಿನವರು ನಾವು. ಹೊಳೆ ಬಂತೆಂದು ಹಿಗ್ಗಿದ್ದು ಅದೊಂದೇ ಸಲ.

ಕ್ರಿಯಾಟಿನಿನ್ ನಾಲ್ಕನೆಯ ದಿನ 2.9ಕ್ಕೆ ಇಳಿಯಿತು, ಎರಡು ವಾರಕ್ಕೆ 1.4. ಒಂದೇ ಮೂತ್ರಪಿಂಡದ ದುಡಿಮೆ ಇದು. ಬಾಳಲು ಒಂದು ಸಾಕು, ಅದಕ್ಕೇ ಎರಡರಲ್ಲಿ ಗಟ್ಟಿಯಿರುವುದಕ್ಕೆ ದಾರಿ ಸಿಕ್ಕರೆ ಸಾಕೆನ್ನುತ್ತಾರೆ. ಬಾಯಿಯ ತಾಮ್ರದ ರುಚಿ ಹೋಯಿತು. ಚಿಗವ್ವ ಮೊದಲು ಕೇಳಿದ್ದು ಶೇಂಗಾ ಹಿಂಡಿ, ಜೋಳದ ರೊಟ್ಟಿ.

ಚೆಲುವಿಗೆ ಕಲೆಯಿಲ್ಲವೆಂದರೆ ಸುಳ್ಳು. ಕೆಳಗಿನ ಸುರುಳಿ ಮೂತ್ರಕೋಶದ ಗೋಡೆಗೆ ತಾಗುತ್ತಿರುತ್ತದೆ, ಅದರಿಂದ ಪದೇ ಪದೇ ಅವಸರ, ಉರಿ, ಒಮ್ಮೊಮ್ಮೆ ರಕ್ತ. ಮೂತ್ರ ಹೋಗುವಾಗ ಸೊಂಟದಲ್ಲಿ ಚಳಕು, ಏಕೆಂದರೆ ತೆರೆದಿಟ್ಟ ದಾರಿಯಲ್ಲಿ ನೀರು ಮೇಲಕ್ಕೂ ಚಿಮ್ಮುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಲೇಬೇಕು. ಬದಲಿಸದೆ ಮರೆತವರ ಸ್ಟೆಂಟಿಗೆ ಉಪ್ಪು ಕಟ್ಟಿ ಸುರುಳಿಯೇ ಕಲ್ಲಾಗುತ್ತದೆ, ಆಗ ಅದನ್ನು ತೆಗೆಯುವುದು ಹಾಕಿದ್ದಕ್ಕಿಂತ ದೊಡ್ಡ ಕೆಲಸ. ಕ್ಯಾನ್ಸರಿನವರಲ್ಲಿ ಇನ್ನೊಂದು ತೊಡಕು. ಹರಳಿನವರಲ್ಲಿ ನೀರು ಸ್ಟೆಂಟಿನ ಒಳಗೂ ಹರಿಯುತ್ತದೆ, ಹೊರಮೈ ಸುತ್ತಲೂ ಹರಿಯುತ್ತದೆ. ಗಂಟು ಹೊರಗಿನಿಂದ ಒತ್ತಿದರೆ ಸುತ್ತಲಿನ ದಾರಿ ಮುಚ್ಚಿ ಒಳಗಿನ ಸಣ್ಣ ರಂಧ್ರವೊಂದೇ ಗತಿ. ಅದೂ ಸೋತಾಗ ಕೆಲವರು ಎರಡು ಸ್ಟೆಂಟನ್ನು ಜೋಡಿಯಾಗಿ ಇಡುತ್ತಾರೆ. ಎರಡು ಕಬ್ಬಿನ ಗಳವನ್ನು ಎಷ್ಟೇ ಬಿಗಿದು ಕಟ್ಟಿದರೂ ದುಂಡುಮೈಗಳ ನಡುವೆ ಸಂದಿ ಉಳಿದೇ ಉಳಿಯುತ್ತದಲ್ಲ, ನೀರಿಗೆ ಆ ಸಂದಿ ಸಾಕು. ಈ ಉಪಾಯ ಯಾರಿಗೆ ಮೊದಲು ಹೊಳೆಯಿತೋ ಅವರ ಕೈ ಕುಲುಕಬೇಕೆನಿಸುತ್ತದೆ. ನಿಕಲ್, ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ತಂತಿಯನ್ನು ಸ್ಪ್ರಿಂಗಿನಂತೆ ಒತ್ತಾಗಿ ಸುತ್ತಿದ ಸ್ಟೆಂಟೂ ಇದೆ, ಒಂದು ವರ್ಷದವರೆಗೆ ಇಡಬಹುದು, ದುಬಾರಿ. ಕೆಳಗಿನಿಂದ ದಾರಿಯೇ ಸಿಗದಿದ್ದರೆ ಬೆನ್ನಿನಿಂದ ನೇರ ಮೂತ್ರಪಿಂಡಕ್ಕೆ ಸೂಜಿ ಹಾಕಿ ನಳಿಗೆ ಇಡುವುದು, 1955ರಲ್ಲಿ ವಿಲ್ಲರ್ಡ್ ಗುಡ್‌ವಿನ್ ಮತ್ತು ಸಂಗಡಿಗರು ವಿವರಿಸಿದ ದಾರಿ. ಅದು ಉಪಕಾರಿ, ಆದರೆ ಹಗಲೂ ರಾತ್ರಿ ಹೊರಗೊಂದು ಚೀಲ ಹೊತ್ತು ತಿರುಗಬೇಕು. ನನ್ನ ಕಣ್ಣಿಗೆ ಅದರಲ್ಲಿ ಚೆಲುವಿಲ್ಲ.

ಬೇಡ ಎನ್ನುವವರೂ ಇದ್ದಾರೆ. ನಮ್ಮ ಓಣಿಯ ಹಿರಿಯ ಜೈನ ಅಜ್ಜಿಯೊಬ್ಬರು, ರೋಗ ಎಲ್ಲ ಕಡೆ ಹಬ್ಬಿದ ಮೇಲೆ, ಸ್ಟೆಂಟಿನ ಮಾತೆತ್ತಿದ ಮಗನಿಗೆ ಸಾಕು ಎಂದರು. ರಕ್ತದಲ್ಲಿ ಕಸ ಏರಿದಂತೆ ಮಂಪರು ಕವಿದು, ಹೆಚ್ಚು ನರಳದೆ ಹೋದರು. ಭೋಜದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಕೈಕೊಂಡ ನೆನಪು ಇನ್ನೂ ಬೆಚ್ಚಗಿರುವ ಸೀಮೆ ಇದು, ಕೆಲವರು ಅಜ್ಜಿಯದನ್ನೂ ಹಾಗೆ ಕರೆದರು. ಅಜ್ಜಿಯದು ವ್ರತವಲ್ಲ, ದಣಿದವರೊಬ್ಬರ ತೀರ್ಮಾನ. ದಾರಿ ಬಿಡಿಸುವ ಕೈ ಎಷ್ಟೇ ನಾಜೂಕಾಗಿರಲಿ, ಆ ದಾರಿಯಲ್ಲಿ ಎಲ್ಲಿಗೆ ಹೋಗುವುದಿದೆ ಎಂದು ಮೊದಲು ಕೇಳುವ ಡಾಕ್ಟರನ್ನೇ ನಾನು ನಂಬುತ್ತೇನೆ. ಚಿಗವ್ವನಿಗೆ ಹೋಗುವುದಿತ್ತು. ಕಿರಣ, ಮದ್ದು, ಮೊಮ್ಮಗಳ ಕುಪ್ಪಸದ ಕಾರ್ಯ.

ಅವಳನ್ನು ಮನೆಗೆ ಕರೆತಂದದ್ದು ಸುಗ್ಗಿಯ ಕಾಲ, ಉಗಾರದ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಮ್ಹೈಸಾಳ ದಾಟುವ ಮೊದಲೇ ಒಂದು ಸಲ ಗಾಡಿ ನಿಲ್ಲಿಸಿದೆವು. ಕಾಗವಾಡದಲ್ಲಿ ಫಲಕಗಳು ಕನ್ನಡಕ್ಕೆ ತಿರುಗಿದ ಕೂಡಲೇ ಇನ್ನೊಂದು ಸಲ. ಊರು ಕಣ್ಣಿಗೆ ಕಾಣುವಾಗ ಮತ್ತೆ "ನಿಲ್ಲಸೋ ತಮ್ಮಾ" ಎಂದಳು. ನಾನು ನೀರಿನ ಬಾಟಲಿ ಹಿಡಿದು ಕಬ್ಬಿನ ಸಾಲಿನ ಅಂಚಿಗೆ ನಿಂತೆ. ಒಳಗಿನಿಂದ ಒಣ ರವದಿಯ ಮೇಲೆ ನೀರು ಬೀಳುವ ಸದ್ದು ಬಂತು, ಬಹಳ ಹೊತ್ತು ಬಂತು.

"ಇನ್ನ ಎಷ್ಟ ಸಲ ನಿಲ್ಲಸಬೇಕ?" ಕಾಕಾ ಗಾಡಿಯೊಳಗಿಂದಲೇ ಕೇಳಿದರು.

ಚಿಗವ್ವ ಸೆರಗು ಕೊಡವುತ್ತಾ ಹೊರಗೆ ಬಂದಳು. "ಬಂದಷ್ಟ ಸಲ."